ಮದುವೆಯ ಖರ್ಚು ಕೈಮೀರದಿರಲು: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಮನೆಗಳವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಲಾಗಿದೆ. ಉತ್ತರಗಳಲ್ಲಿ ಬರುವ ರೂಪಾಯಿಗಳು ಲೆಕ್ಕ ಹಾಕುವ ಕ್ರಮವನ್ನು ತೋರಿಸುವುದಕ್ಕಷ್ಟೇ. ನಿಮ್ಮ ಊರಿನ ಈ ವರ್ಷದ ದರವನ್ನು ವಿಚಾರಿಸಿ ಆ ಜಾಗದಲ್ಲಿ ಹಾಕಿಕೊಳ್ಳಬೇಕು.

## ಮೊದಲ ಲೆಕ್ಕ

ಬಜೆಟ್ ಅಂತ ಎಲ್ಲಿಂದ ಶುರು ಮಾಡೋದು? ಛತ್ರ ನೋಡಿಕೊಂಡು ಬಂದ ಮೇಲೋ, ಅದಕ್ಕೂ ಮೊದಲೋ?

ಮೊದಲೇ. ಛತ್ರ ನೋಡಿ ಬಂದವರು ಆ ಛತ್ರಕ್ಕೆ ತಕ್ಕ ಊಟ, ಆ ಊಟಕ್ಕೆ ತಕ್ಕ ಅಲಂಕಾರ ಎಂದು ಮುಂದುವರಿದು, ಹಣ ಎಲ್ಲಿದೆ ಎಂಬುದನ್ನು ಕೊನೆಗೆ ಹುಡುಕುತ್ತಾರೆ. ಮೊದಲು ಬರೆಯಬೇಕಾದದ್ದು ಮದುವೆಯ ದಿನದೊಳಗೆ ಖಚಿತವಾಗಿ ಕೈಗೆ ಸಿಗುವ ಹಣ: ಬ್ಯಾಂಕಿನ ಉಳಿತಾಯ, ಅವಧಿ ಮುಗಿಯುವ ಠೇವಣಿ, ಎತ್ತಿಕೊಳ್ಳಬಹುದಾದ ಚೀಟಿ, ಹುಡುಗ ಅಥವಾ ಹುಡುಗಿ ಸ್ವಂತ ದುಡಿಮೆಯಿಂದ ಹಾಕುವ ಪಾಲು. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ, 18 ತುಂಬಿದ ಮೇಲೆ ಮದುವೆಯ ಕಾರಣಕ್ಕೆ ಅದನ್ನು ಮುಚ್ಚಿ ಹಣ ಪಡೆಯಲು ಅವಕಾಶವಿದೆ. ಆದರೆ ಮದುವೆಗೆ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳ ನಂತರದವರೆಗಿನ ಅವಧಿಯಲ್ಲಿ ಮಾತ್ರ. ಆದ್ದರಿಂದ ಮುಂಗಡಗಳಿಗೆ ಆ ಹಣವನ್ನು ನೆಚ್ಚಿಕೊಳ್ಳಲಾಗದು.

ಇನ್ನೂ ಬಾರದ ಹಣವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆಯು ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೂ ಬಾಕಿಗಾಗಿ ಕಾಯುವುದು ಎಂದರೇನೆಂದು ಮಂಡ್ಯದ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಾರಬೇಕೆಂದಿರುವ ಸೈಟು, 'ನಾನಿದ್ದೀನಿ ಬಿಡು' ಎಂದ ಸೋದರಮಾವನ ಮಾತು, ಇವೂ ಆ ಎರಡನೆಯ ಹಾಳೆಗೇ ಸೇರತಕ್ಕವು. ಮೊದಲ ಹಾಳೆಯ ಮೊತ್ತವೇ ನಿಮ್ಮ ಬಜೆಟ್ಟು.

ಎಷ್ಟು ಜನರನ್ನು ಕರೆಯೋದು ಅಂತಲೇ ತೀರ್ಮಾನ ಆಗ್ತಿಲ್ಲ. ಊರಿಗೆ ಊರೇ ಕರೀಬೇಕಲ್ಲ?

ಉಳಿದೆಲ್ಲ ಖರ್ಚುಗಳೂ ಈ ಒಂದು ಸಂಖ್ಯೆಯ ಬೆನ್ನಿಗೇ ಬರುತ್ತವೆ: ಛತ್ರದ ಗಾತ್ರ, ಲಗ್ನಪತ್ರಿಕೆ, ತಾಂಬೂಲದ ಚೀಲ, ಬಸ್ಸು, ಕೊಠಡಿ. ಲೆಕ್ಕ ಹಾಕಬೇಕಾದದ್ದು ತಲೆಗಳನ್ನಲ್ಲ, ಎಲೆಗಳನ್ನು. ಒಬ್ಬರೇ ನೆಂಟರು ಆರತಕ್ಷತೆಯ ರಾತ್ರಿಯ ಊಟಕ್ಕೂ, ಮುಹೂರ್ತದ ಬೆಳಗಿನ ತಿಂಡಿಗೂ, ಮಧ್ಯಾಹ್ನದ ಊಟಕ್ಕೂ ಕುಳಿತರೆ ಮೂರು ಎಲೆಗಳಾಗುತ್ತವೆ. 600 ಜನರ ಪಟ್ಟಿಯಲ್ಲಿ ಆರತಕ್ಷತೆಗೆ 500, ತಿಂಡಿಗೆ 150, ಮಧ್ಯಾಹ್ನಕ್ಕೆ 450 ಎಂದು ಹಿಡಿದರೆ 1,100 ಎಲೆಗಳು. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಈ ಮೂರಕ್ಕೂ ಮೂರು ಚೌಕಗಳನ್ನು ಎಳೆದು ಗುರುತು ಹಾಕಿದರೆ ಅಂದಾಜು ಬಹಳ ದೂರ ಹೋಗದು.

ಹಳ್ಳಿಯಲ್ಲಿ ಕರೆಯುವಾಗ ಮನೆಗೊಬ್ಬರನ್ನು ಕರೆಯುವುದಕ್ಕೂ ಮನೆಮಂದಿಯನ್ನೆಲ್ಲ ಕರೆಯುವುದಕ್ಕೂ ವ್ಯತ್ಯಾಸವಿದೆ, ಮತ್ತು ಅದನ್ನು ಕರೆಯಲು ಹೋದವರು ಬಾಯಿಬಿಟ್ಟು ಹೇಳಬೇಕು. ಯಾವ ಮನೆಗೆ ಯಾವ ಕರೆ ಎಂಬುದನ್ನು ಹೊರಡುವ ಮುನ್ನವೇ ಪಟ್ಟಿಯಲ್ಲಿ ಬರೆದುಕೊಳ್ಳದಿದ್ದರೆ, ಒಂದೇ ಬೀದಿಯ ಎರಡು ಮನೆಗೆ ಎರಡು ಬಗೆಯ ಕರೆ ಹೋಗಿ, ಖರ್ಚಿನ ಜೊತೆಗೆ ಮುನಿಸೂ ಬರುತ್ತದೆ. ಊರಿನವರಿಗೆಲ್ಲ ಊಟ ಹಾಕಲೇಬೇಕು ಎನ್ನುವ ಮನೆತನಗಳು ಅದನ್ನು ಚಪ್ಪರದ ದಿನ ಊರಿನಲ್ಲೇ ಮುಗಿಸಿ, ಛತ್ರಕ್ಕೆ ಹತ್ತಿರದವರನ್ನಷ್ಟೇ ಕರೆಯುವುದುಂಟು. ನನ್ನ ಮಟ್ಟಿಗೆ ಇದು ಗೌರವವೂ ಉಳಿಯುವ, ಹಣವೂ ಉಳಿಯುವ ಏರ್ಪಾಡು.

ಒಟ್ಟು ಹಣದಲ್ಲಿ ಯಾವುದಕ್ಕೆ ಎಷ್ಟು ಪಾಲು ಇಡಬೇಕು?

ಒಡವೆಯನ್ನು ಬಿಟ್ಟು 8 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಎಲೆಗೆ ಸರಾಸರಿ 300 ರೂಪಾಯಿಯಂತೆ 1,100 ಎಲೆಗಳಿಗೆ 3.3 ಲಕ್ಷ ಊಟಕ್ಕೇ ಹೋಗುತ್ತದೆ. ಛತ್ರ ಮತ್ತು ಅದರ ಮೇಲಿನ ಖರ್ಚಿಗೆ 1.2 ಲಕ್ಷ, ಬಟ್ಟೆಗೆ 75 ಸಾವಿರ, ಫೋಟೋ ಮತ್ತು ವಿಡಿಯೋಗೆ 55 ಸಾವಿರ, ಹೂವಿನ ಅಲಂಕಾರ ಹಾಗೂ ಓಲಗಕ್ಕೆ 55 ಸಾವಿರ, ಪತ್ರಿಕೆ ಮತ್ತು ತಾಂಬೂಲಕ್ಕೆ 35 ಸಾವಿರ, ಬಸ್ಸು ಮತ್ತು ಕೊಠಡಿಗೆ 30 ಸಾವಿರ, ಪುರೋಹಿತರಿಗೆ ಹಾಗೂ ಶಾಸ್ತ್ರದ ಸಾಮಾನಿಗೆ 20 ಸಾವಿರ. ಉಳಿಯುವ 80 ಸಾವಿರವನ್ನು ಯಾವುದಕ್ಕೂ ಹೆಸರಿಡದೆ ಎತ್ತಿಡಬೇಕು, ಕೊನೆಯ ಹತ್ತು ದಿನಗಳವರೆಗೆ ಅದನ್ನು ಮುಟ್ಟಬಾರದು. ಈ ಪಾಲುಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಬದಲಾಗಬಾರದದ್ದು ಆ ಹತ್ತನೆಯ ಒಂದು ಭಾಗದ ಮೀಸಲು.

ಯಾವ ತಿಂಗಳಲ್ಲಿ ಮಾಡಿದರೆ ಅಗ್ಗ?

ಆಷಾಢ ಮತ್ತು ಪುಷ್ಯದಲ್ಲಿ ನಮ್ಮ ಕಡೆ ಮದುವೆಗಳು ನಡೆಯುವುದು ಕಡಿಮೆಯಾದ್ದರಿಂದ ಮುಹೂರ್ತಗಳೆಲ್ಲ ಉಳಿದ ತಿಂಗಳುಗಳಲ್ಲಿ ಒತ್ತರಿಸಿಕೊಳ್ಳುತ್ತವೆ. ಅಧಿಕಮಾಸ ಬಂದ ವರ್ಷ ಇನ್ನೂ ಇಕ್ಕಟ್ಟು: 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ ಬೇಸಿಗೆಯ ಮುಹೂರ್ತಗಳನ್ನೇ ನುಂಗುತ್ತದೆ. ವಾರದ ನಡುವಿನ ಮುಹೂರ್ತಕ್ಕೆ ಛತ್ರದವರು, ಫೋಟೋದವರು, ಓಲಗದವರು ಮೂವರೂ ಮಾತಿಗೆ ಬಗ್ಗುತ್ತಾರೆ, ಬರುವ ಜನವೂ ತಾನಾಗಿ ಕಡಿಮೆಯಾಗುತ್ತದೆ. ವರಮಹಾಲಕ್ಷ್ಮಿ ವ್ರತ ಮತ್ತು ಆಯುಧಪೂಜೆಯ ಆಸುಪಾಸಿನಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಬೆಲೆ ಏರುತ್ತದೆ. ದಸರಾ ದಿನಗಳಲ್ಲಿ ಮೈಸೂರಿನಲ್ಲಿ ನೆಂಟರಿಗೆ ಕೊಠಡಿ ಹುಡುಕುವ ಗೊಡವೆಗೇ ಹೋಗಬೇಡಿ.

## ಛತ್ರ, ಊಟ, ಒಡವೆ

ಛತ್ರದವರು ಹೇಳಿದ್ದೊಂದು, ಕೊನೆಗೆ ಬಂದ ಬಿಲ್ಲೊಂದು. ಇದು ಹೇಗೆ?

ಹೇಳಿದ್ದು ಬರೀ ಬಾಡಿಗೆ. ಅದರ ಮೇಲೆ ಮೀಟರಿನ ಪ್ರಕಾರ ಕರೆಂಟು, ಗಂಟೆಯ ಲೆಕ್ಕದಲ್ಲಿ ಜನರೇಟರು, ಶುಚಿ ಮಾಡುವವರ ಕೂಲಿ, ಗ್ಯಾಸ್ ಸಿಲಿಂಡರು, ಹೆಚ್ಚುವರಿ ಪಾತ್ರೆ, ಹೆಚ್ಚುವರಿ ಕೊಠಡಿ, ಕಸ ಸಾಗಿಸುವ ಹಣ ಸೇರುತ್ತವೆ. ಜಿಎಸ್‌ಟಿ ನೋಂದಣಿ ಇರುವ ಛತ್ರವಾದರೆ ಬಾಡಿಗೆಯ ಮೇಲೆ ನೂರಕ್ಕೆ 18ರಂತೆ ತೆರಿಗೆಯೂ ಇದೆ. ಬುಕ್ ಮಾಡುವ ದಿನವೇ ಇವುಗಳೆಲ್ಲದರ ದರವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ. ಕೀಲಿ ಪಡೆಯುವಾಗ ಮ್ಯಾನೇಜರರ ಎದುರಿಗೇ ಮೀಟರಿನ ಅಂಕಿಯನ್ನೂ ಜನರೇಟರಿನ ಗಂಟೆಯನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ಮರುದಿನದ ವಾದ ಅರ್ಧಕ್ಕರ್ಧ ತಪ್ಪುತ್ತದೆ.

ಇನ್ನೆರಡು ಪ್ರಶ್ನೆಗಳನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಬಾಡಿಗೆಯ ದಿನ ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ? ಅಡುಗೆಯವರನ್ನೂ ಅಲಂಕಾರದವರನ್ನೂ ನಾವೇ ಕರೆತರಬಹುದೇ, ಅಥವಾ ಅವರು ಹೇಳಿದವರನ್ನೇ ಇಟ್ಟುಕೊಳ್ಳಬೇಕೇ? ಕಡಿಮೆ ಬಾಡಿಗೆಯ ಛತ್ರಗಳು ತಮ್ಮ ನಷ್ಟವನ್ನು ತುಂಬಿಕೊಳ್ಳುವುದು ಸಾಮಾನ್ಯವಾಗಿ ಈ ಎರಡನೆಯ ಷರತ್ತಿನಲ್ಲಿ.

ಎಲೆಗೆ ಇಷ್ಟು ಅಂತ ಕಂಟ್ರಾಕ್ಟ್ ಕೊಡೋದು ಒಳ್ಳೇದಾ, ಸಾಮಾನು ತಂದುಕೊಟ್ಟು ಭಟ್ಟರಿಂದ ಮಾಡಿಸೋದಾ?

ಸಾಮಾನು ತಂದುಕೊಡುವ ಪದ್ಧತಿಯಲ್ಲಿ ಭಟ್ಟರು ಬರೆದುಕೊಟ್ಟ ಸಾಮಾನಿನ ಚೀಟಿ, ತರಕಾರಿ, ಹಾಲು, ಮೊಸರು, ಎಲೆ, ಪಾತ್ರೆ, ಸೌದೆ ಅಥವಾ ಸಿಲಿಂಡರು, ಬಡಿಸುವವರ ಕೂಲಿ ಎಲ್ಲವೂ ನಿಮ್ಮ ತಲೆಯ ಮೇಲೆ. ತೆಂಗಿನಕಾಯಿ, ಬಾಳೆ ಎಲೆ, ಬೆಲ್ಲ, ಅಕ್ಕಿ ಸ್ವಂತ ತೋಟ–ಗದ್ದೆಯಿಂದಲೇ ಬರುವ ಮಂಡ್ಯದ ಮನೆಗಳಿಗೆ, ಉಗ್ರಾಣಕ್ಕೆ ಕೂರಲು ನಂಬಿಕಸ್ಥರಿದ್ದರೆ, ಇದು ಖಂಡಿತ ಅಗ್ಗವಾಗುತ್ತದೆ. ಒಡೆಯದ ಮೂಟೆ, ತೆರೆಯದ ಎಣ್ಣೆ ಡಬ್ಬಗಳನ್ನು ವಾಪಸು ತೆಗೆದುಕೊಳ್ಳುವುದಾಗಿ ಅಂಗಡಿಯವರಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು. ಉಗ್ರಾಣದಲ್ಲಿ ಕೂರುವವರಿಲ್ಲದ ನಗರದ ಮನೆಗೆ ಇದರಲ್ಲಿ ಉಳಿಯುವುದು ಬರೀ ದಣಿವು.

ಕಂಟ್ರಾಕ್ಟಿನಲ್ಲಿ ಎಲೆಯ ದರಕ್ಕಿಂತ ಎಲೆಯ ಎಣಿಕೆಯೇ ಮುಖ್ಯ. ಕನಿಷ್ಠ ಎಷ್ಟು ಎಲೆಗೆ ಹಣ ಕೊಡಲೇಬೇಕು, ಅದನ್ನು ಮೀರಿದ ಎಲೆಗೆ ದರವೆಷ್ಟು, ಓಲಗದವರು, ಫೋಟೋದವರು, ಬಸ್ಸಿನ ಚಾಲಕರು ಉಂಡ ಎಲೆಗಳು ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ಕಾಗದದಲ್ಲಿ ಬರೆಯಿಸಿ. ಎಣಿಸುವುದಕ್ಕೆ ನಿಮ್ಮ ಕಡೆಯ ಒಬ್ಬರೂ ಅವರ ಕಡೆಯ ಒಬ್ಬರೂ ಜೊತೆಯಾಗಿ ನಿಲ್ಲಬೇಕು: ಪ್ರತಿ ಪಂಕ್ತಿಯಲ್ಲೂ ಅನ್ನ ಬಡಿಸಿದ ಮೇಲೆ, ಎಲೆ ಮಡಿಸುವ ಮುನ್ನ, ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಎಣಿಸಿ, ಇಬ್ಬರೂ ಒಂದೇ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹಾಕಿದ್ದೂ ಯಾರೂ ಕೂರದ ಎಲೆಯನ್ನು ಎಣಿಸಬಾರದು. ಈ ಕೆಲಸಕ್ಕೆ ಹುಡುಗಿಯ ಅಣ್ಣನನ್ನೋ ಹುಡುಗನ ತಮ್ಮನನ್ನೋ ನಿಲ್ಲಿಸಬೇಡಿ. ಶಾಸ್ತ್ರಕ್ಕೆ ಕರೆದ ಕೂಡಲೇ ಅವರು ಹೋಗಲೇಬೇಕಾಗುತ್ತದೆ, ಆಮೇಲಿನ ಎರಡು ಪಂಕ್ತಿ ಅಂದಾಜಿನಲ್ಲಿ ಸಾಗುತ್ತದೆ.

ಬಗೆಗಳನ್ನು ಕಡಿಮೆ ಮಾಡಿದರೆ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಎಲೆಗೆ 15 ರೂಪಾಯಿಯ ಒಂದು ಸಿಹಿಯನ್ನು ಬಿಟ್ಟರೆ 1,100 ಎಲೆಗಳಿಗೆ 16,500 ಉಳಿಯುತ್ತದೆ. ಪಟ್ಟಿಯಲ್ಲಿ ನೂರು ಜನರನ್ನು ಬಿಟ್ಟರೆ ಸುಮಾರು 55,000. ಆದರೂ ಹೋಳಿಗೆ, ಚಿರೋಟಿ, ಮೈಸೂರು ಪಾಕ್, ಪಾಯಸ ನಾಲ್ಕನ್ನೂ ಒಂದೇ ಎಲೆಯ ಮೇಲೆ ಹಾಕಿ ಮೂರನ್ನು ಎಲೆಯ ಜೊತೆಗೇ ಮಡಿಸಿ ಎಸೆಯುವುದನ್ನು ನೋಡಿದವರು ಎರಡಕ್ಕೇ ನಿಲ್ಲಿಸುವುದು ಮೇಲು.

ಬೀಗರ ಊಟವನ್ನು ಬಿಟ್ಟುಬಿಡಬಹುದಾ?

ಮಂಡ್ಯದ ಕಡೆ ಇದನ್ನು ಬಿಡುವವರು ವಿರಳ, ಆದ್ದರಿಂದ ಬಿಡುವ ಯೋಚನೆಗಿಂತ ಅದಕ್ಕೊಂದು ಮಿತಿ ಹಾಕುವ ಯೋಚನೆ ಲೇಸು. ಅನೇಕರು ಇದನ್ನು ಮದುವೆಯ ಬಜೆಟ್ಟಿನಲ್ಲಿ ಬರೆಯುವುದೇ ಇಲ್ಲ. ಮದುವೆ ಮುಗಿದು ಕೈ ಬರಿದಾದ ದಿನಗಳಲ್ಲಿ ಅದು ಎದುರಾಗುತ್ತದೆ. ಯಾರ ಮನೆಯಲ್ಲಿ, ಯಾವ ದಿನ, ಎರಡೂ ಕಡೆಯಿಂದ ಎಷ್ಟು ಜನ ಎಂಬುದು ಮಾತುಕತೆಯ ದಿನವೇ ಇತ್ಯರ್ಥವಾಗಲಿ. ಮಟನ್ ಲೆಕ್ಕದಲ್ಲಿ ಅಡುಗೆಯವರು ಸಾಮಾನ್ಯವಾಗಿ ಕಿಲೋಗೆ ನಾಲ್ಕೈದು ಜನರಂತೆ ಹಿಡಿಯುತ್ತಾರೆ. ಜೀವಂತ ಕುರಿ–ಮೇಕೆ ಕೊಳ್ಳುವುದಾದರೆ, ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಮಾಂಸ ಸಿಗುತ್ತದೆ ಎಂಬುದನ್ನು ನೆನಪಿಟ್ಟು ಬೆಲೆ ಮಾತಾಡಬೇಕು. ತಲೆಮಾಂಸ, ಬೋಟಿ ಗೊಜ್ಜು ಮಾಡಬಲ್ಲ ಅಡುಗೆಯವರಿದ್ದರೆ ಆ ವ್ಯಾಪಾರ ಗಿಟ್ಟುತ್ತದೆ.

ಚಿನ್ನದ ಬೆಲೆ ದಿನಾ ಏರುತ್ತಿರುವಾಗ ಒಡವೆಗೆ ಇಷ್ಟೇ ಅಂತ ಇಡೋದು ಹೇಗೆ?

ಒಡವೆಯ ಲೆಕ್ಕವನ್ನು ಮದುವೆಯ ಖರ್ಚಿನಿಂದ ಬೇರ್ಪಡಿಸಿ, ಅದಕ್ಕೆ ರೂಪಾಯಿಯ ಮಿತಿಯನ್ನು ಹಾಕಿ, ಗ್ರಾಮುಗಳನ್ನು ಆ ಮಿತಿಯೊಳಗೆ ಇಳಿಸಬೇಕು. 'ನೂರು ಗ್ರಾಂ ಹಾಕುತ್ತೇವೆ' ಎಂದು ಮಾತು ಕೊಟ್ಟವರು ಬೆಲೆ ಏರಿದಷ್ಟೂ ಸಾಲಕ್ಕೆ ಇಳಿಯುತ್ತಾರೆ. ಮೊದಲು ಮಾಂಗಲ್ಯ, ಆಮೇಲೆ ದಿನವೂ ಹಾಕಿಕೊಳ್ಳುವ ಸರ, ಬಳೆ. ಒಮ್ಮೆ ತೊಟ್ಟು ಲಾಕರಿಗೆ ಹೋಗುವ ಅಗಲದ ಹಾರ ಕೊನೆಯದು.

ಅಂಗಡಿಯಲ್ಲಿ ಗ್ರಾಮಿನ ದರವನ್ನಷ್ಟೇ ಹೋಲಿಸಿ ಪ್ರಯೋಜನವಿಲ್ಲ. ಒಡವೆ ಮಾಡುವಾಗ ಸವೆದುಹೋಗುವ ಚಿನ್ನವೆಂದು ಅಂಗಡಿಯವರು ಸೇರಿಸುವ ವೇಸ್ಟೇಜು ನೂರಕ್ಕೆ 12 ಎಂದರೆ 40 ಗ್ರಾಮಿನ ಸರಕ್ಕೆ ನಿಮ್ಮ ಮೈಮೇಲೆ ಬಾರದ 4.8 ಗ್ರಾಮಿಗೂ ಹಣ ಕೊಟ್ಟಂತೆ. ಅದರ ಮೇಲೆ ಜಿಎಸ್‌ಟಿ ಬೇರೆ. ಕಲ್ಲಿನ ತೂಕವನ್ನು ಚಿನ್ನದ ತೂಕದಿಂದ ಕಳೆದಿದ್ದಾರೆಯೇ ಎಂದು ಬಿಲ್ಲಿನಲ್ಲಿ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಬೇರೆಯಾದ ಗುರುತಿನ ಸಂಖ್ಯೆ, ಇರಲೇಬೇಕು. 22 ಕ್ಯಾರೆಟ್ಟಿನದಾದರೆ 916 ಎಂಬ ಗುರುತೂ ಇರುತ್ತದೆ. ಅಮ್ಮನ, ಅಜ್ಜಿಯ ಹಳೆಯ ಒಡವೆಯನ್ನು ಕರಗಿಸಿ ಹೊಸದು ಮಾಡಿಸುವುದಕ್ಕಿಂತ, ಮೆರುಗು ಹಾಕಿಸಿ ಹಾಗೇ ತೊಡುವುದು ಎಷ್ಟೋ ಅಗ್ಗ.

## ಎರಡು ಮನೆಗಳ ನಡುವೆ

'ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ' ಅಂತಾರೆ ಗಂಡಿನ ಕಡೆಯವರು. ಇದಕ್ಕೆ ಲೆಕ್ಕ ಹಾಕೋದು ಹೇಗೆ?

'ಚೆನ್ನಾಗಿ' ಎನ್ನುವುದಕ್ಕೆ ಮೇಲ್ಮಿತಿಯಿಲ್ಲ, ಅದಕ್ಕೇ ಅದು ಅಪಾಯದ ಮಾತು. ನಿಶ್ಚಿತಾರ್ಥಕ್ಕೆ ಮೊದಲೇ ಎರಡೂ ಮನೆಯ ಹಿರಿಯರು ಕುಳಿತಾಗ ವಿನಯದಿಂದಲೇ ಅದನ್ನು ಅಂಕಿಗೆ ಇಳಿಸಬೇಕು. 'ಬೀಗರೇ, ನಿಮ್ಮ ಕಡೆಯಿಂದ ರಾತ್ರಿಗೆ ಎಷ್ಟು ಜನ, ಬೆಳಿಗ್ಗೆಗೆ ಎಷ್ಟು ಜನ, ಎಷ್ಟು ಕೊಠಡಿ ಬೇಕಾದೀತು, ಬಸ್ಸು ನೀವು ಮಾಡಿಕೊಳ್ಳುತ್ತೀರೋ ನಾವು ಕಳಿಸಬೇಕೋ' ಎಂದು ಕೇಳುವುದರಲ್ಲಿ ಯಾವ ಅಮರ್ಯಾದೆಯೂ ಇಲ್ಲ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಮನೆಯವರು ಒಂದೊಂದು ಪ್ರತಿ ಇಟ್ಟುಕೊಳ್ಳಲಿ. ಮುಹೂರ್ತ ಒಬ್ಬರದು, ಆರತಕ್ಷತೆ ಇನ್ನೊಬ್ಬರದು ಎಂದು ಹಂಚಿಕೊಳ್ಳುವುದಕ್ಕಿಂತ, ಒಟ್ಟು ಖರ್ಚನ್ನು ಆಯಾ ಕಡೆಯ ಎಲೆಗಳ ಪ್ರಮಾಣದಲ್ಲಿ ಹಂಚಿಕೊಳ್ಳುವುದು ನ್ಯಾಯ. ಆಗ ಪಟ್ಟಿ ಬೆಳೆಸಿದವರೇ ಅದರ ಭಾರವನ್ನೂ ಹೊರುತ್ತಾರೆ.

ಕಾರು, ಸೈಟು, ಇಷ್ಟು ನಗದು ಅಂತ ನೇರವಾಗಿ ಕೇಳಿದರೆ?

ಅದು ಬಜೆಟ್ಟಿನ ಪ್ರಶ್ನೆಯಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ: ಕನಿಷ್ಠ 5 ವರ್ಷ ಸೆರೆವಾಸ, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಎರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದ ದಂಡ. ಕೇಳುವುದೂ ಬೇರೆಯಾಗಿಯೇ ಶಿಕ್ಷಾರ್ಹ. ಯಾರೂ ಕೇಳದೆ, ಪದ್ಧತಿಯಂತೆ, ಶಕ್ತಿಗೆ ತಕ್ಕಂತೆ ಕೊಟ್ಟ ಉಡುಗೊರೆಗಳಿಗೆ 1985ರ ನಿಯಮಗಳಂತೆ ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಬರೆದ ಪಟ್ಟಿಯಿರಬೇಕು, ಅದಕ್ಕೆ ವಧೂವರರ ಸಹಿ ಇರಬೇಕು. ಮೊದಲ ಮಾತುಕತೆಯಲ್ಲೇ ನಗದು ಕೇಳಿದ ಮನೆಯವರು ಮದುವೆಯ ನಂತರ ನಿಲ್ಲಿಸುತ್ತಾರೆಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಮುಯ್ಯಿ ಬರುತ್ತಲ್ಲ, ಅದರಲ್ಲಿ ಅರ್ಧ ಖರ್ಚು ಕಳೆಯಲ್ವಾ?

ಮುಯ್ಯಿ ಬರುವುದು ನಿಜ. ಆದರೆ ಎಷ್ಟೆಂದು ಆ ರಾತ್ರಿಯವರೆಗೆ ತಿಳಿಯದು, ಮುಂಗಡಗಳನ್ನು ಕೊಡುವ ಹೊತ್ತಿಗಂತೂ ಅದು ಕೈಯಲ್ಲಿರುವುದಿಲ್ಲ. ಮುಯ್ಯಿ ಪುಸ್ತಕದಲ್ಲಿ ಬರೆದ ಪ್ರತಿ ಸಾಲೂ ಮುಂದೊಂದು ದಿನ ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕಾದದ್ದು. ಹಿಂದೆ ನೀವು ಹಾಕಿದ ಮುಯ್ಯಿಯ ಪುಸ್ತಕ ಮನೆಯಲ್ಲಿದ್ದರೆ ಅದನ್ನು ನೋಡಿ ಒಂದು ಅಂದಾಜು ಮಾಡಬಹುದು, ಆದರೆ ಬರೆಯಬೇಕಾದದ್ದು ಆ ಎರಡನೆಯ ಹಾಳೆಯಲ್ಲೇ. ಬಂದ ಹಣವನ್ನು ಮದುಮಕ್ಕಳ ಹೊಸ ಸಂಸಾರಕ್ಕೆ ಬಿಟ್ಟುಕೊಡುವ ಮನೆಗಳೂ ಇವೆ.

## ಕಷ್ಟದ ಪ್ರಶ್ನೆಗಳು

ಸ್ವಲ್ಪ ಸಾಲ ಮಾಡದೆ ಆಗೋದೇ ಇಲ್ಲ. ಎಲ್ಲಿ ಮಾಡೋದು?

ಊರಿನಲ್ಲಿ 'ಮೂರು ರೂಪಾಯಿ ಬಡ್ಡಿ' ಎಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಮೂರು ಲಕ್ಷ ಕೈಸಾಲ ತಂದು ಎರಡು ವರ್ಷ ಬರೀ ಬಡ್ಡಿ ಕಟ್ಟಿದರೆ 2,16,000 ರೂಪಾಯಿ ಹೋಗಿ, ಅಸಲು ಹಾಗೇ ನಿಂತಿರುತ್ತದೆ. ಬ್ಯಾಂಕಿನ ಅಥವಾ ಸಹಕಾರ ಸಂಘದ ಚಿನ್ನದ ಸಾಲ ಇದಕ್ಕಿಂತ ಬಹಳ ಹಗುರ, ಆದರೆ ಮದುಮಗಳಿಗೆಂದು ಮಾಡಿಸಿದ ಒಡವೆಯನ್ನೇ ಮದುವೆಯ ಮರುತಿಂಗಳು ಅಡವಿಡುವ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳಬೇಕು. ಚೀಟಿಯನ್ನು ಮೊದಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿದರೆ ಕಸರು, ಅಂದರೆ ಕೂಗಿನಲ್ಲಿ ಬಿಟ್ಟುಕೊಡುವ ಹಣ, ಹೆಚ್ಚು ಹೋಗುತ್ತದೆ. ಆ ಕಳೆತವನ್ನೂ ಬಡ್ಡಿಯೆಂದೇ ಎಣಿಸಿ. ಜಮೀನಿನ ಪತ್ರವನ್ನು ಅಡವಿಡುವುದನ್ನಂತೂ ನಾನು ಯಾರಿಗೂ ಹೇಳಲಾರೆ. ಸಾಲ ಕೇಳಲು ಹೊರಡುವ ಮುನ್ನ ನೆಂಟರ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಬೇಕಾದ ಮೊತ್ತದ ಒಂದು ಭಾಗ ಅಲ್ಲೇ ಸಿಗುವುದುಂಟು.

ಸರಳವಾಗಿ ಮಾಡಿದರೆ ಜನ ಏನಂದುಕೊಳ್ಳುತ್ತಾರೋ ಅಂತ ಅಪ್ಪನಿಗೆ ಸಂಕೋಚ. ಏನು ಹೇಳೋದು?

ಮೈಸೂರಿನವರಿಗೆ ಸರಳ ಮದುವೆ ಹೊಸದಲ್ಲ. ಕುವೆಂಪು ಅವರ ಮಂತ್ರಮಾಂಗಲ್ಯ ಪದ್ಧತಿಯಲ್ಲಿ 1966ರಲ್ಲೇ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆಯಿತು. ಇಂದಿಗೂ ಅದೇ ಕ್ರಮದಲ್ಲಿ, ಹತ್ತಿರದವರ ಎದುರು ಪ್ರತಿಜ್ಞೆ ಓದಿ ಮದುವೆಯಾಗುವವರಿದ್ದಾರೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ, ನಂಜನಗೂಡು ತಾಲ್ಲೂಕಿನ ಸುತ್ತೂರಿನ ಜಾತ್ರೆಯಲ್ಲೂ ನಡೆಯುತ್ತವೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನಗಳ ಮುಂಚಿನ ನೋಟಿಸೂ ಮೂವರು ಸಾಕ್ಷಿಗಳೂ ಬೇಕು, ಆದ್ದರಿಂದ ದಿನ ನಿಗದಿ ಮಾಡುವ ಮೊದಲೇ ಅರ್ಜಿ ಹಾಕಬೇಕು.

ಇಲ್ಲೊಂದು ಎಚ್ಚರಿಕೆ. ದೇವಸ್ಥಾನದಲ್ಲಿ ಸರಳವಾಗಿ ಧಾರೆ ಮುಗಿಸಿ, ವಾರದ ನಂತರ ಸಾವಿರ ಜನರ ಆರತಕ್ಷತೆ ಇಟ್ಟುಕೊಂಡರೆ ಉಳಿಯುವುದು ಏನೂ ಇಲ್ಲ. ಬಟ್ಟೆ, ಬಸ್ಸು, ಫೋಟೋ ಎರಡೆರಡು ಸಲವಾಗುತ್ತವೆ.

ಬರೆದಿಟ್ಟ ಬಜೆಟ್ಟು ಕೊನೆಯ ವಾರದಲ್ಲಿ ಒಡೆದುಹೋಗುತ್ತೆ. ಹಿಡಿದಿಡೋದು ಹೇಗೆ?

ಹಣದ ಚೀಲ ಒಬ್ಬರ ಕೈಯಲ್ಲೇ ಇರಬೇಕು. ಅವರು ಮದುಮಗಳ ತಂದೆಯಾಗದೆ, ಲೆಕ್ಕ ಬಲ್ಲ, 'ಬೇಡ' ಎನ್ನಲು ಹಿಂಜರಿಯದ ಚಿಕ್ಕಪ್ಪನೋ ದೊಡ್ಡಮ್ಮನೋ ಆಗಿದ್ದರೆ ಒಳ್ಳೆಯದು. ಪುಸ್ತಕದಲ್ಲಿ ಪ್ರತಿ ಬಾಬಿಗೂ ಅಂದಾಜು, ಒಪ್ಪಿಕೊಂಡ ಮೊತ್ತ, ಕೊಟ್ಟ ಮುಂಗಡ, ಬಾಕಿ ಎಂಬ ನಾಲ್ಕು ಕಲಮುಗಳಿರಲಿ. ಮನೆಯವರು ದಿನವೂ ನೋಡಬೇಕಾದದ್ದು ಬಾಕಿಯ ಕಲಮನ್ನು, ಏಕೆಂದರೆ ಮುಂಗಡ ಕೊಟ್ಟ ಕೂಡಲೇ ಆ ಖರ್ಚು ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಯಾವ ಬಾಬು ಮೀರಿದರೂ ಆ ಹಣ ಬೇರೆ ಯಾವ ಬಾಬಿನಿಂದ ಬರುತ್ತದೆಂದು ಅದೇ ದಿನ ಬರೆಯಬೇಕು.

ಕೊನೆಯ ವಾರ ಬಜೆಟ್ಟನ್ನು ಒಡೆಯುವುದು ದೊಡ್ಡ ಖರ್ಚುಗಳಲ್ಲ: ಮರೆತುಹೋದ ಬಾಸಿಂಗ, ಹೆಚ್ಚುವರಿ ಹಾರ, ಅತ್ತೆಯೊಬ್ಬರಿಗೆ ಉಡಿಸಲು ದಿಢೀರನೆ ತಂದ ಸೀರೆ, ಆಟೋ ಬಾಡಿಗೆ, ಆರತಿ ತಟ್ಟೆಗೆ ಹಾಕುವ ನೋಟುಗಳು. ಇವಕ್ಕೆಂದು 10, 50, 100ರ ನೋಟುಗಳನ್ನು ಮೊದಲೇ ತಂದು, ಒಂದೊಂದು ಶಾಸ್ತ್ರಕ್ಕೆ ಒಂದೊಂದು ಲಕೋಟೆ ಮಾಡಿ ಹೆಸರು ಬರೆದಿಡಿ. ದೊಡ್ಡ ಬಾಕಿಗಳನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಂದೇ ಸಂದರ್ಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಸಾವು–ಸೂತಕ ಬಂದು ಮದುವೆ ಮುಂದೆ ಹೋದರೆ ಮುಂಗಡ ಮುಳುಗಿತು ಅಂತಲೇ?

ಬರೆಸಿಕೊಳ್ಳದಿದ್ದರೆ ಬಹುಪಾಲು ಹಾಗೆಯೇ. ಹಣ ವಾಪಸು ಕೊಡಿ ಎನ್ನುವುದಕ್ಕಿಂತ, ಇನ್ನೊಂದು ದಿನಾಂಕಕ್ಕೆ ಮುಂಗಡವನ್ನು ಹೊಂದಿಸಿಕೊಳ್ಳಬೇಕೆಂಬ ಷರತ್ತಿಗೆ ಛತ್ರದವರೂ ಅಡುಗೆಯವರೂ ಬೇಗ ಒಪ್ಪುತ್ತಾರೆ. ಪತ್ರಿಕೆಯ ಅಚ್ಚಿನ ಹಣ ಮಾತ್ರ ಹೋದಂತೆಯೇ.

ಮದುವೆ ಮುಗಿದ ಮೇಲೆ ಲೆಕ್ಕವನ್ನು ಯಾವಾಗ ಮುಗಿಸಬೇಕು?

ಛತ್ರ ಬಿಡುವ ಮೊದಲೇ ಎಲೆಯ ಪುಸ್ತಕ, ಮೀಟರಿನ ಅಂಕಿ, ಪಾತ್ರೆಗಳ ಎಣಿಕೆ ಮುಗಿದಿರಬೇಕು. ಶಾಮಿಯಾನದ ಅಂಗಡಿಗೆ ಹಿಂದಿರುಗದ ಒಂದು ಸೌಟಿಗೂ ಬೆಲೆ ಬೀಳುತ್ತದೆ. ಛತ್ರದ ಠೇವಣಿಯನ್ನು ಆ ದಿನವೇ ಕೇಳಿ ಪಡೆಯಿರಿ. ಫೋಟೋದವರಿಗೆ ಮಾತ್ರ ಕೊನೆಯ ಕಂತನ್ನು ಆಲ್ಬಮ್ಮೂ ವಿಡಿಯೋವೂ ಕೈಗೆ ಬಂದ ಮೇಲೆ ಕೊಡುವುದೆಂದು ಮೊದಲೇ ಮಾತಾಗಿರಲಿ.